ಕೇಳಿಸುವುದು ಮತ್ತು ಕೇಳುವುದು

ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಕಂಪನಗಳಿಂದ 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ ಎಂಬ ವಾಕ್ಯವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಸೆಕೆಂಡಿಗೆ ಒಂದು ಕಂಪನ ಎಂದರೆ ಒಂದು ಹರ್ಟ್ಸ್. ಪರೀಕ್ಷೆಯಲ್ಲಿ ಎರಡು ಅಂಕ ತಂದುಕೊಟ್ಟ ಮೇಲೆ ಆ ವಾಕ್ಯದ ಗೊಡವೆಗೆ ಮತ್ತೆ ಹೋಗುವ ಪ್ರಸಂಗ ಹೆಚ್ಚಿನವರಿಗೆ ಬಂದಿರಲಾರದು. ಆದರೆ ಆ ಎರಡು ಸಂಖ್ಯೆಗಳ ಬೆನ್ನು ಹತ್ತಿ ಹೋದರೆ ಭೌತಶಾಸ್ತ್ರ ಮುಗಿದು ಧರ್ಮದ ಪ್ರಶ್ನೆಯೊಂದು ಎದುರಾಗುತ್ತದೆ. ನಮಗೆ ಕೇಳಿಸದೆ ಇರುವುದಕ್ಕೆ ನಾವು ಎಷ್ಟರ ಮಟ್ಟಿಗೆ ಹೊಣೆ? ಈ ಸಂಚಿಕೆಯಲ್ಲಿ ಅದನ್ನು ಕುರಿತು ಸ್ವಲ್ಪ ಚಿಂತನೆ ಮಾಡೋಣ.

ಮೊದಲು ಈ ಗಡಿಯ ಹೊರಗೆ ಏನಿದೆ ಎಂದು ನೋಡೋಣ. ಆನೆಗಳು 20 ಹರ್ಟ್ಸ್‌ಗಿಂತ ಕೆಳಗಿನ ಸ್ವರದಲ್ಲಿ, ಕಿಲೋಮೀಟರುಗಟ್ಟಲೆ ದೂರದಲ್ಲಿರುವ ತಮ್ಮವರೊಡನೆ ಮಾತನಾಡಿಕೊಳ್ಳುತ್ತವೆ. ಆನೆಯನ್ನು ಪಳಗಿಸಿ, ಅದರ ಮೇಲೆ ಅಂಬಾರಿ ಹೊರಿಸಿ, ದಸರಾ ಮೆರವಣಿಗೆ ಮಾಡಿದ ನಾಡು ನಮ್ಮದು; ಆದರೂ ಆ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಆನೆಗಳ ಬಳಿ ಕುಳಿತಿದ್ದಾಗ ಗಾಳಿಯಲ್ಲಿ ಏನೋ ಮಿಡಿದಂತೆ ಅವರಿಗೆ ಅನುಭವವಾಯಿತು. ಕಿವಿಗೆ ಕೇಳಿಸದ ಆ ಮಿಡಿತವನ್ನು ಆಮೇಲೆ ಉಪಕರಣಗಳು ಹಿಡಿದುಕೊಟ್ಟವು.

ಮೇಲಿನ ಗಡಿಯ ಆಚೆಗೂ ಇದೇ ಕಥೆ. ಬಾವಲಿಗಳು 20,000 ಹರ್ಟ್ಸ್‌ಗೂ ಮೇಲಿನ ಶಬ್ದ ಹೊರಡಿಸಿ, ಅದರ ಪ್ರತಿಧ್ವನಿಯಿಂದ ಕತ್ತಲಲ್ಲಿ ಪತಂಗಗಳನ್ನು ಬೇಟೆಯಾಡುತ್ತವೆ. ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿರುವ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಒಂದು ಜಾತಿಯ ಹುಲಿಪತಂಗ ತಾನೂ ಅಷ್ಟೇ ಎತ್ತರದ ಟಿಕಟಿಕ ಸದ್ದು ಮಾಡಿ ಬಾವಲಿಯ ಲೆಕ್ಕವನ್ನು ತಪ್ಪಿಸಿ ಪಾರಾಗುತ್ತದೆ. ಕ್ಯಾರೊಲಿನಾದ ಬೇಸಿಗೆಯ ಸಂಜೆ ಮನೆಯ ಹಿಂದಿನ ಡೆಕ್ ಮೇಲೆ ಕಾಫಿ ಹಿಡಿದು ಕುಳಿತು "ಎಷ್ಟು ಪ್ರಶಾಂತವಾಗಿದೆ!" ಎಂದು ನಾವು ಹೇಳುವ ಹೊತ್ತಿಗೆ, ತಲೆಯ ಮೇಲೆ ಬಾವಲಿಗಳ ಕೂಗಾಟ ಭರದಿಂದ ನಡೆದಿರುತ್ತದೆ. ಪ್ರಶಾಂತತೆ ಎನ್ನುವುದು ಅಲ್ಲಿ ಆಕಾಶದ ಗುಣವಲ್ಲ. ನಮ್ಮ ಕಿವಿ ಕೊಟ್ಟ ವರದಿ ಮಾತ್ರ.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂಬ ಗಾದೆ ನಮ್ಮಲ್ಲಿದೆ. ಕೋಣದ ಹತ್ತಿರದ ನೆಂಟನಾದ ಹಸುವಿನ ಕಿವಿಯನ್ನು ಪರೀಕ್ಷಿಸಿದವರು ಅದಕ್ಕೆ ಸುಮಾರು 35,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು ಕಂಡುಕೊಂಡಿದ್ದಾರೆ. ಹಸುವಿನ ನೆಂಟನಿಗೂ ಅಂಥದೇ ಕಿವಿ ಇದ್ದರೆ ಕಿನ್ನರಿಯ ನಾದದಲ್ಲಿ ನಮಗೆ ದಕ್ಕದ ಸೂಕ್ಷ್ಮ ಸ್ವರಗಳೂ ಅದಕ್ಕೆ ದಕ್ಕುತ್ತಿರಬಹುದು. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ! ಗಾದೆ ಮಾಡಿದವರು ಕೋಣನನ್ನು ಕೇಳಿ ಮಾಡಲಿಲ್ಲವಲ್ಲ.

ಇದು ನಗುವ ಮಾತಾಯಿತು. ಪ್ರಾಣಿಗಳನ್ನು ಬಿಟ್ಟು ಮನುಷ್ಯರ ಕಡೆಗೆ ಬಂದರೆ ವಿಷಯ ಗಂಭೀರವಾಗುತ್ತದೆ. ಏಕೆಂದರೆ 20ರಿಂದ 20,000 ಎಂಬ ಕಿಟಕಿ ಎಲ್ಲರಿಗೂ ಒಂದೇ ಅಳತೆಯದಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಪುಟ್ಟ ನಾಳವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಬಾಗಿಲ ಬಳಿಯವು ಎತ್ತರದ ಸ್ವರಗಳನ್ನು ಗ್ರಹಿಸುತ್ತವೆ, ಒಳಮನೆಯವು ತಗ್ಗಿನ ಸ್ವರಗಳನ್ನು. ವಯಸ್ಸಾದಂತೆ ಮೊದಲು ಸೊರಗುವುದು ಬಾಗಿಲ ಬಳಿಯವು. ಹಕ್ಕಿಗಳಲ್ಲಿ ಇವು ಮತ್ತೆ ಹುಟ್ಟುತ್ತವೆ. ಮನುಷ್ಯರಲ್ಲಿ ಹೋದದ್ದು ಹೋಯಿತು. ಹೀಗಾಗಿ ಹದಿಹರೆಯದವರಿಗೆ ಚೆನ್ನಾಗಿ ಕೇಳಿಸುವ 17,000 ಹರ್ಟ್ಸ್‌ನ ಶಬ್ದ ಮೂವತ್ತು ದಾಟಿದ ಹೆಚ್ಚಿನವರಿಗೆ ಕೇಳಿಸುವುದಿಲ್ಲ. ಐವತ್ತರ ಹೊತ್ತಿಗೆ ಕಿಟಕಿಯ ಮೇಲಂಚು ಹನ್ನೆರಡು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ಮನೆಯ ಒಂದೇ ಕೋಣೆಯಲ್ಲಿ ಕುಳಿತ ಮೊಮ್ಮಗಳು, ತಂದೆ, ಅಜ್ಜ, ಮೂವರೂ ಮೂರು ಬೇರೆ ಬೇರೆ ಕೋಣೆಗಳಲ್ಲಿದ್ದಾರೆ ಎಂದರೂ ತಪ್ಪಿಲ್ಲ.

ಈ ವ್ಯತ್ಯಾಸವನ್ನು ವ್ಯಾಪಾರವಾಗಿಸಿದ ಒಂದು ಉದಾಹರಣೆ ನಮ್ಮ ವಾಷಿಂಗ್ಟನ್ನಿನಲ್ಲೇ ನಡೆಯಿತು. ಹೋವರ್ಡ್ ಸ್ಟೇಪಲ್‌ಟನ್ ಎಂಬವರು 2005ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ "ಮಸ್ಕಿಟೊ" ಎಂಬ ಯಂತ್ರ ತಯಾರಿಸಿದರು. ಹೆಸರಿಗೆ ತಕ್ಕಂತೆ ಸೊಳ್ಳೆಯ ಹಾಗೆ ಗುಂಯ್‌ಗುಡುವ ಇದರ ಸದ್ದು 17,400 ಹರ್ಟ್ಸ್‌ನ ಆಸುಪಾಸಿನದು. ಅಂಗಡಿಯ ಮುಂದೆ ಗುಂಪುಗೂಡುವ ಹುಡುಗರಿಗೆ ಅದು ಕಿರಿಕಿರಿ. ದೊಡ್ಡವರಿಗೆ ಕೇಳಿಸುವುದೇ ಇಲ್ಲ. 2010ರಲ್ಲಿ ಇದೇ ಯಂತ್ರವನ್ನು ಡಿ.ಸಿ.ಯ ಗ್ಯಾಲರಿ ಪ್ಲೇಸ್ ಮೆಟ್ರೋ ನಿಲ್ದಾಣದ ಪ್ರವೇಶದ್ವಾರದ ಬಳಿ ಅಳವಡಿಸಿದರು. ಅಲ್ಲಿ ಯುವಕರ ಗಲಾಟೆ, ಹೊಡೆದಾಟ ನಡೆದದ್ದುಂಟು. ವ್ಯಾಪಾರಿಗಳ ಚಿಂತೆ ಸುಳ್ಳೇನಲ್ಲ. ಆದರೆ ಯುವಜನರ ಹಕ್ಕುಗಳ ಸಂಘಟನೆಯೊಂದು ಇದು ವಯಸ್ಸಿನ ಆಧಾರದ ತಾರತಮ್ಯ ಎಂದು ದೂರು ಕೊಟ್ಟಿತು. ಯಂತ್ರ ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಯೂರೋಪ್ ಪರಿಷತ್ತಿನ ಸಂಸದೀಯ ಸಭೆಯೂ ಅದೇ ವರ್ಷ ಇಂಥ ಯಂತ್ರಗಳನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸಬೇಕೆಂದು ಕರೆಕೊಟ್ಟಿತು.

ಇಲ್ಲಿ ನಮ್ಮನ್ನು ಕಾಡುವ ಅಂಶ ಒಂದಿದೆ. ಕೈಯಲ್ಲಿ ಕೋಲು ಹಿಡಿದವನಿಗೆ ಏಟಿನ ಸದ್ದಾದರೂ ಕೇಳುತ್ತದೆ, ಎದುರಿನವನ ಮುಖವಾದರೂ ಕಾಣುತ್ತದೆ. ಈ ಯಂತ್ರದ ಗುಂಡಿ ಒತ್ತಿದ ದೊಡ್ಡವರಿಗೆ ತಾವು ಏನು ಮಾಡುತ್ತಿದ್ದೇವೆ ಎಂದು ತಮ್ಮ ಕಿವಿಯಿಂದ ತಿಳಿಯುವ ದಾರಿಯೇ ಇಲ್ಲ. ತಪ್ಪು ಮಾಡಿದ ಹುಡುಗನಿಗೂ, ಗ್ರಂಥಾಲಯದಿಂದ ಮನೆಗೆ ಹೊರಟ ಹುಡುಗಿಗೂ, ತಳ್ಳುಗಾಡಿಯಲ್ಲಿ ಮಲಗಿದ ಕೂಸಿಗೂ ಅದು ಒಂದೇ ಸಮನೆ ತಾಗುತ್ತದೆ. ಕೂಸು ಅತ್ತರೆ ತಾಯಿಗೆ ಕಾರಣವೇ ಹೊಳೆಯದು. ನೋವು ಕೊಡುವವರಿಗೆ ನೋವಿನ ಸುಳಿವೇ ಇಲ್ಲದಂತೆ ಮಾಡಿರುವುದು ಈ ಯಂತ್ರದ ದೋಷವಲ್ಲ. ಅದೇ ಅದರ ಗುಣ, ಅದಕ್ಕಾಗಿಯೇ ಅದು ಮಾರಾಟವಾಗುತ್ತಿತ್ತು.

ಮಕ್ಕಳೇನು ಸುಮ್ಮನಿದ್ದರೇ? 2006ರಲ್ಲೇ ಅವರು ಆ ಸದ್ದನ್ನು ಮೊಬೈಲ್ ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ಪಾಠ ನಡೆಯುವಾಗ ಫೋನು ಬಡಿದುಕೊಂಡರೂ ಮೇಷ್ಟರಿಗೆ ಕೇಳಿಸದು! ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜಾಣತನ ಎಲ್ಲ ದೇಶದ ಮಕ್ಕಳಿಗೂ ಒಂದೇ.

ಇನ್ನು ಕಿಟಕಿಯ ಇನ್ನೊಂದು ಬದಿಗೆ, ಹಿರಿಯರ ಕಡೆಗೆ ಬರೋಣ. ಮಾತಿನಲ್ಲಿ ಸ್ವರಾಕ್ಷರಗಳ ಶಕ್ತಿ ಹೆಚ್ಚಾಗಿ ತಗ್ಗಿನ ಕಂಪನಗಳಲ್ಲಿದೆ. ಸ, ಶ ಮುಂತಾದ ವ್ಯಂಜನಗಳ ಗುರುತು ಎತ್ತರದ ಕಂಪನಗಳಲ್ಲಿದೆ. ಎತ್ತರದವು ಮೊದಲು ಕೈಕೊಡುವುದರಿಂದ ಹಿರಿಯರಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಊಟಕ್ಕೆ ಕುಳಿತವರು "ಸಾಕು" ಎನ್ನುತ್ತಾರೆ. ಮೊದಲ ಅಕ್ಷರದ ಸಿಳ್ಳು ಕೇಳಿಸದಿದ್ದರೆ ಅದು "ಹಾಕು" ಎಂದಾಗುತ್ತದೆ. ಅಜ್ಜಿ ಇನ್ನೊಂದು ಸೌಟು ಸುರಿದರೆ ಅದು ಬರೀ ಪ್ರೀತಿಯ ಒತ್ತಾಯವೇ ಆಗಿರಬೇಕಿಲ್ಲ!

ಮಕ್ಕಳನ್ನು ನೋಡಲು ಆರು ತಿಂಗಳ ಮಟ್ಟಿಗೆ ಇಲ್ಲಿಗೆ ಬರುವ ತಂದೆತಾಯಂದಿರ ಪಾಡನ್ನು ನೆನೆಯಿರಿ. ಮೊಮ್ಮಕ್ಕಳ ಮಾತು ವೇಗದ್ದು, ಉಚ್ಚಾರಣೆ ಅಮೆರಿಕದ್ದು, ಹಿಂದೆ ಟಿವಿಯ ಗದ್ದಲ. ಎರಡು ಸಲ "ಏನಪ್ಪಾ?" ಎನ್ನುತ್ತಾರೆ. ಮೂರನೆಯ ಸಲ ಕೇಳಲು ಸಂಕೋಚ, ನಕ್ಕು ತಲೆಯಾಡಿಸುತ್ತಾರೆ. ಮನೆಯವರು ಗಟ್ಟಿಯಾಗಿ ಕೂಗುತ್ತಾರೆ. ಕೂಗಿದರೆ ಮೊದಲೇ ಕೇಳಿಸುತ್ತಿದ್ದ ಸ್ವರಾಕ್ಷರಗಳು ಇನ್ನಷ್ಟು ದೊಡ್ಡದಾಗುತ್ತವೆಯೇ ಹೊರತು ಕಳೆದುಹೋದ ವ್ಯಂಜನ ತಿರುಗಿ ಬರುವುದಿಲ್ಲ. ಬೈಗುಳದ ಧ್ವನಿಯೊಂದು ಮಾತ್ರ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಬೆಳಕಿನಲ್ಲಿ ಎದುರು ಕುಳಿತು, ತುಟಿ ಕಾಣುವಂತೆ, ನಿಧಾನವಾಗಿ ಆಡಿದ ಮಾತು ಎಷ್ಟೋ ಮೇಲು.

ವ್ಯಂಜನ ಕಳೆದುಹೋಗುವುದೆಂದರೆ ಏನೆಂದು ನಮಗೂ ಸ್ವಲ್ಪ ಅನುಭವವಿದೆ. ಹಳೆಯ ಲ್ಯಾಂಡ್‌ಲೈನ್ ಫೋನು 300ರಿಂದ 3,400 ಹರ್ಟ್ಸ್‌ವರೆಗಿನ ಶಬ್ದವನ್ನು ಮಾತ್ರ ಸಾಗಿಸುತ್ತಿತ್ತು. ಸಕಾರದ ಸಿಳ್ಳು ಬಹುಪಾಲು ಅದರಾಚೆಗಿನದು. ಶ್ರೀನಿವಾಸ, ಸುಶೀಲ ಎಂಬ ಹೆಸರುಗಳನ್ನು ಈ ದೇಶದ ಫೋನಿನಲ್ಲಿ ಹೇಳುವಾಗ "ಎಸ್, ಸ್ಯಾಮ್‌ನ ಎಸ್" ಎಂದು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿದ್ದುದಕ್ಕೆ ನಮ್ಮ ಉಚ್ಚಾರಣೆಯೊಂದೇ ಕಾರಣವಲ್ಲ. ಇನ್ನೂ ಒಂದು ಸೋಜಿಗವಿದೆ. ಹೆಂಗಸರ ದನಿಯ ಮೂಲಸ್ವರ ಸುಮಾರು 200 ಹರ್ಟ್ಸ್. ಅಂದರೆ ಕಾಲಿಂಗ್ ಕಾರ್ಡ್ ಉಜ್ಜಿ ಭಾನುವಾರ ಊರಿಗೆ ಮಾಡುತ್ತಿದ್ದ ಕರೆಯಲ್ಲಿ ಅಮ್ಮನ ದನಿಯ ಮೂಲಸ್ವರ ತಂತಿಯಲ್ಲಿ ಬರುತ್ತಲೇ ಇರಲಿಲ್ಲ! ಅದರ ಮೇಲಿನ ಅನುಸ್ವರಗಳನ್ನು ಕೇಳಿ, ಇಲ್ಲದ ಮೂಲವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತಿತ್ತು. ಕಿವಿ ಕೇಳುವುದು ಅರ್ಧ, ಉಳಿದರ್ಧ ಮನಸ್ಸಿನದು.

ಮನಸ್ಸು ಹೀಗೆ ತುಂಬಿಕೊಳ್ಳುವುದರಿಂದಲೇ ಒಂದು ಅಪಾಯವೂ ಇದೆ. ತನಗೆ ಎಲ್ಲವೂ ಕೇಳಿಸುತ್ತಿದೆ ಎಂಬ ಭಾವನೆ ಕೊನೆಯವರೆಗೂ ಹೋಗುವುದಿಲ್ಲ. ಅಟ್ಲಾಂಟಾದಲ್ಲಿರುವ ಸಿಡಿಸಿ ಸಂಸ್ಥೆ 2017ರ ಫೆಬ್ರವರಿಯಲ್ಲಿ ಒಂದು ವರದಿ ಪ್ರಕಟಿಸಿತು. ತಮ್ಮ ಕಿವಿ ಚೆನ್ನಾಗಿದೆ ಎಂದು ಹೇಳಿಕೊಂಡ ವಯಸ್ಕರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಗಲೇ ಶ್ರವಣಹಾನಿಯಾಗಿತ್ತು. ಕಣ್ಣು ಮಂಜಾದರೆ ಅಕ್ಷರ ಮಸುಕಾಗಿ ಕಾಣುತ್ತದೆ, ತಿಳಿಯುತ್ತದೆ. ಕೇಳಿಸದೆ ಹೋದ ಶಬ್ದ ಮಾತ್ರ ತಾನು ಹೋದೆನೆಂದು ಹೇಳಿ ಹೋಗುವುದಿಲ್ಲ. ಕನ್ನಡಕ ಹಾಕಿಕೊಳ್ಳಲು ನಾಚದ ನಮ್ಮವರು ಶ್ರವಣಯಂತ್ರಕ್ಕೆ ನಾಚುತ್ತಾರೆ. ಸಿಲ್ವರ್ ಸ್ಪ್ರಿಂಗ್‌ನ ಎಫ್‌ಡಿಎ ಮಾಡಿದ ನಿಯಮದಂತೆ, ಸಾಧಾರಣ ಮಟ್ಟದ ಕೊರತೆಯಿರುವ ವಯಸ್ಕರಿಗೆ 2022ರ ಅಕ್ಟೋಬರಿನಿಂದ ಇಲ್ಲಿ ಚೀಟಿಯಿಲ್ಲದೆಯೇ ಶ್ರವಣಯಂತ್ರ ದೊರಕುತ್ತಿದೆ. ಊರಿನಲ್ಲಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸದಲ್ಲೇ ತೊಡಗಿದೆ. ಹಿರಿಯರಿಗೆ ಒಂದು ಪರೀಕ್ಷೆ ಮಾಡಿಸುವುದು ಕಷ್ಟವಲ್ಲ. ಅವರನ್ನು ಕೇಳುವವರು ಬೇಕು.

ಹಾಗಾದರೆ ಒಳ್ಳೆಯ ಮನಸ್ಸಿದ್ದರೆ ಸಾಕೇ? ಇಲ್ಲಿ ಎರಡು ದೊಡ್ಡ ಹೆಸರುಗಳು ನೆನಪಾಗುತ್ತವೆ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಬಹುಕಾಲ ವಾಷಿಂಗ್ಟನ್ನಿನಲ್ಲಿದ್ದರು. ಕಿವುಡರ ಕುರಿತ ಅಧ್ಯಯನಕ್ಕಾಗಿ ಅವರು ಕಟ್ಟಿಸಿದ ವೋಲ್ಟಾ ಬ್ಯೂರೋ ಇಂದಿಗೂ ಜಾರ್ಜ್‌ಟೌನಿನಲ್ಲಿದೆ. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅದೇ ನಗರದಲ್ಲಿ ಕಿವುಡರ ಕಾಲೇಜನ್ನು ಕಟ್ಟಿದವರು ಎಡ್ವರ್ಡ್ ಮೈನರ್ ಗ್ಯಾಲೋಡೆಟ್. 1864ರಲ್ಲಿ ಲಿಂಕನ್ ಸಹಿ ಮಾಡಿದ ಕಾಯಿದೆಯಿಂದ ಪದವಿ ಕೊಡುವ ಹಕ್ಕು ಪಡೆದ ಆ ಸಂಸ್ಥೆಯೇ ಇಂದಿನ ಗ್ಯಾಲೋಡೆಟ್ ವಿಶ್ವವಿದ್ಯಾಲಯ. ಎಡ್ವರ್ಡ್ ಅವರ ತಾಯಿಯೂ ಕಿವುಡರೇ. ಹೀಗೆ ಕಿವುಡು ತಾಯಂದಿರ ಮಕ್ಕಳಿಬ್ಬರು ಎರಡು ದಾರಿ ಹಿಡಿದರು. ಕಿವುಡ ಮಕ್ಕಳಿಗೆ ತುಟಿ ನೋಡಿ ಮಾತು ಕಲಿಸಬೇಕು, ಶಾಲೆಯಲ್ಲಿ ಕೈಸನ್ನೆಯ ಭಾಷೆ ಬೇಡ ಎಂದು ಬೆಲ್ ವಾದಿಸಿದರು. ಸನ್ನೆಯೂ ಬೇಕು ಎಂದು ಗ್ಯಾಲೋಡೆಟ್ ಪಟ್ಟುಹಿಡಿದರು. ಬೆಲ್ ಅವರ ಪಕ್ಷ ಬಹುಕಾಲ ಮೇಲುಗೈ ಪಡೆಯಿತು, ಅನೇಕ ಶಾಲೆಗಳಲ್ಲಿ ಮಕ್ಕಳ ಕೈಗಳನ್ನು ಸುಮ್ಮನಾಗಿಸಿದರು. ಸನ್ನೆಯ ಭಾಷೆಗೆ ತನ್ನದೇ ರಚನೆಯಿದೆ, ಅದು ಪೂರ್ಣ ಪ್ರಮಾಣದ ಭಾಷೆ ಎಂದು ಗ್ಯಾಲೋಡೆಟ್‌ನಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಸ್ಟೋಕಿ 1960ರಲ್ಲಿ ತೋರಿಸಿಕೊಡಬೇಕಾಯಿತು. ಬೆಲ್ ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಪ್ರೀತಿಯು ಕೇಳುವುದಕ್ಕೆ ಬದಲಿಯಲ್ಲ.

ಆ ವಿಶ್ವವಿದ್ಯಾಲಯಕ್ಕೂ 1864ರಿಂದ 1988ರವರೆಗೆ, 124 ವರ್ಷ, ಕಿವಿ ಕೇಳಿಸುವವರೇ ಅಧ್ಯಕ್ಷರಾಗಿದ್ದರು. 1988ರ ಮಾರ್ಚ್‌ನಲ್ಲಿ ಅಂತಿಮ ಪಟ್ಟಿಯಲ್ಲಿದ್ದ ಮೂವರಲ್ಲಿ ಇಬ್ಬರು ಕಿವುಡರಾಗಿದ್ದರೂ ಆಡಳಿತ ಮಂಡಳಿ ಮತ್ತೆ ಕಿವಿ ಕೇಳಿಸುವವರನ್ನೇ ಆರಿಸಿತು. ವಿದ್ಯಾರ್ಥಿಗಳು ಬಾಗಿಲು ಹಾಕಿ, ಒಂದು ವಾರ ಚಳವಳಿ ಮಾಡಿ, ಕ್ಯಾಪಿಟಲ್‌ವರೆಗೆ ಮೆರವಣಿಗೆ ಹೋದರು. ಕೊನೆಗೆ ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಅಲ್ಲಿಂದೀಚಿನ ಅಧ್ಯಕ್ಷರೆಲ್ಲ ಕಿವುಡರೇ. ಆ ವಾರ ನಿಜವಾಗಿ ಯಾರಿಗೆ ಕೇಳಿಸಲಿಲ್ಲ ಎಂದು ಯೋಚಿಸಿದರೆ, ಉತ್ತರ ನಾವು ಎಣಿಸಿದಂತಿರುವುದಿಲ್ಲ.

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಕನ್ನಡ ಈ ವಿಷಯದಲ್ಲಿ ನಮಗೊಂದು ಬೆಳಕು ಕೊಟ್ಟಿದೆ. "ನನಗೆ ಕೇಳಿಸುತ್ತದೆ" ಎನ್ನುವಾಗ ನಾವು ಮಾಡುವುದೇನೂ ಇಲ್ಲ. ಅದು ನಮಗೆ ಆಗುವಂಥದು, ಹಸಿವು ನಿದ್ದೆಗಳ ಹಾಗೆ. "ನಾನು ಕೇಳುತ್ತೇನೆ" ಎನ್ನುವಾಗ ಮಾಡುವವರು ನಾವು. ಅಷ್ಟೇ ಅಲ್ಲ, ಕಿವಿಗೊಡುವುದಕ್ಕೂ ಪ್ರಶ್ನೆ ಹಾಕುವುದಕ್ಕೂ ಕನ್ನಡದಲ್ಲಿ ಒಂದೇ ಮಾತನ್ನು ಬಳಸಬಹುದು: ಕೇಳು. ಸಂಗೀತವನ್ನೂ ಕೇಳುತ್ತೇವೆ, ಕುಶಲವನ್ನೂ ಕೇಳುತ್ತೇವೆ. ಕೇಳಿಸುವುದಕ್ಕೆ 20 ಮತ್ತು 20,000 ಎಂಬ ಗಡಿಗಳನ್ನು ಪ್ರಕೃತಿ ಹಾಕಿದೆ. ಅದಕ್ಕೆ ಯಾರೂ ಹೊಣೆಯಲ್ಲ. ಕೇಳುವುದಕ್ಕೆ ಗಡಿ ಹಾಕಿಕೊಂಡವರು ನಾವು. ಅದಕ್ಕೆ ನಾವೇ ಹೊಣೆ. ನಮ್ಮ ವೇದಕ್ಕೆ ಶ್ರುತಿ, ಅಂದರೆ ಕೇಳಿದ್ದು, ಎಂದು ಹೆಸರು. ಆ ಶ್ರುತಿಯೊಳಗೇ ಆರು ಮಂದಿ ಪಿಪ್ಪಲಾದ ಋಷಿಯ ಬಳಿ ಹೋಗಿ ಆರು ಪ್ರಶ್ನೆ ಕೇಳಿದ ಪ್ರಶ್ನೋಪನಿಷತ್ತು ಇದೆ. ಕೇಳದಿದ್ದರೆ ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ.

"ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲವಲ್ಲ?" ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಗೊತ್ತಾಗುವವರೆಗೆ ಇಲ್ಲ. ಮಗು ಕಿವಿ ಮುಚ್ಚಿಕೊಂಡು "ಈ ಸದ್ದು ಬೇಡ" ಎಂದಾಗ "ಎಲ್ಲಿದೆ ಸದ್ದು? ನನಗೇನೂ ಕೇಳಿಸುತ್ತಿಲ್ಲ" ಎಂದು ಉತ್ತರ ಕೊಟ್ಟರೆ, ಆ ಕ್ಷಣದಿಂದ ಅಜ್ಞಾನದ ನೆಪ ಮುಗಿಯಿತು. "ಹಾಗಾದರೆ ಯಾರು ಏನು ಹೇಳಿದರೂ ನಂಬಬೇಕೇ?" ಇದು ಇನ್ನೂ ಕಷ್ಟದ ಪ್ರಶ್ನೆ. ಶಬ್ದವನ್ನಾದರೆ ಮೀಟರಿನಿಂದ ಅಳೆಯಬಹುದು. ಇನ್ನೊಬ್ಬರ ಕಿರಿಕಿರಿ, ಸಂಕೋಚ, ಒಂಟಿತನಗಳಿಗೆ ಮೀಟರಿಲ್ಲ. ಎಲ್ಲವನ್ನೂ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಕಿವಿಯೊಂದನ್ನೇ ಸಾಕ್ಷಿ ಮಾಡಿಕೊಂಡು ತೀರ್ಪು ಕೊಡಬಾರದು, ಅಷ್ಟು ಮಾತ್ರ. ಗ್ಯಾಲರಿ ಪ್ಲೇಸಿನ ವ್ಯಾಪಾರಿಗಳ ತೊಂದರೆಯೂ ನಿಜವೇ. ಹುಡುಗರನ್ನು ಕರೆದು ಕೇಳಿದ್ದರೆ ಅದು ಬಗೆಹರಿಯುತ್ತಿತ್ತೆಂಬ ಖಾತ್ರಿಯೇನೂ ಇಲ್ಲ. ಕೇಳಿದ ಮಾತ್ರಕ್ಕೆ ಒಪ್ಪಂದವಾಗುವುದಿಲ್ಲ. ಆದರೆ ಕೇಳದೆ ಮಾಡಿದ ಏರ್ಪಾಡು ನ್ಯಾಯವೂ ಆಗುವುದಿಲ್ಲ.

ದೇವಸ್ಥಾನದ ಸಭಾಂಗಣದಲ್ಲಿ ಕಾರ್ಯಕ್ರಮ ನಡೆಯುವಾಗ ಧ್ವನಿವರ್ಧಕವನ್ನು ಹೊಂದಿಸುವವರು ಸಾಮಾನ್ಯವಾಗಿ ತಮ್ಮ ಕಿವಿಗೆ ಹಿತವಾಗುವಂತೆ ಹೊಂದಿಸುತ್ತಾರೆ; ಬೇರೆ ಕಿವಿ ಅವರ ಬಳಿ ಇಲ್ಲವಲ್ಲ. ಹಿಂದಿನ ಸಾಲಿನಲ್ಲಿ ಉಪನ್ಯಾಸ ತಿಳಿಯದೆ ಕೈಜೋಡಿಸಿ ಕುಳಿತ ಅಜ್ಜ ದೂರುವುದಿಲ್ಲ. ಧ್ವನಿವರ್ಧಕದ ಪಕ್ಕದಲ್ಲೇ ಕುಳಿತು ಕಿವಿ ಮುಚ್ಚಿಕೊಂಡ ಮಗುವಿಗೆ "ಸುಮ್ಮನೆ ಕೂತ್ಕೋ" ಎಂದು ಹೇಳಲಾಗುತ್ತದೆ. ಇಬ್ಬರ ಬಳಿಗೂ ಒಮ್ಮೆ ನಡೆದುಹೋಗಿ "ಹೇಗಿದೆ?" ಎಂದು ಕೇಳಲು ಎರಡು ನಿಮಿಷ ಸಾಕು. ಕೇಳಿದ ಮೇಲೆ ಉತ್ತರ ಬರುವವರೆಗೆ ಅಲ್ಲೇ ನಿಲ್ಲುವ ತಾಳ್ಮೆಯೂ ಇರಬೇಕು. ಅಜ್ಜನಿಗೆ ಪ್ರಶ್ನೆಯೇ ಕೇಳಿಸಿರದಿದ್ದರೆ ಎದುರು ಬಂದು ಇನ್ನೊಮ್ಮೆ ಕೇಳಬೇಕು. ಏನಂತೀರಿ?